ಎಫಿ ಅಜ್ಜಿ ಮನೆಯ ಹಾಡಿನ ಸರದಿ

"ಸಂಜೆ ನನ್ನ ಹುಟ್ಟುಹಬ್ಬಕ್ಕೆ ಬಾರಪ್ಪ. ಎಲ್ಲರೂ ಹಾಡಬೇಕು, ನೀನೂ ಗಂಟಲು ಸರಿ ಮಾಡ್ಕೊಂಡು ಬಾ" ಎಂದು ಎಫಿ ಅಜ್ಜಿ ಫೋನ್ ಇಟ್ಟಳು. ಮರ್ಡೊ ಗೆಡ್ಡಿಸ್‌ಗೆ ಬೆಳಗ್ಗೆಯೇ ತಲೆಬಿಸಿ ಶುರುವಾಯಿತು.

ಹರೆಯದಲ್ಲಿ ಅವನು ಬರೆದು ಹಾಡಿದ 'ನಿನ್ನ ಛತ್ರಿ ನನ್ನಲ್ಲೇ ಉಳಿಯಿತು' ಗ್ಲಾಸ್ಗೋದಿಂದ ಟೊರಾಂಟೊವರೆಗೆ ರೇಡಿಯೊಗಳಲ್ಲಿ ಮೊಳಗಿತ್ತು. ಆಮೇಲೆ ಎಷ್ಟೋ ಹಾಡು ಕಟ್ಟಿದ. ಅವು ಬಂದಾಗ ಜನ ಬಿಯರ್ ತರಲು ಎದ್ದು ಹೋಗುತ್ತಿದ್ದರು, ಛತ್ರಿ ಬಂದರೆ ಗ್ಲಾಸು ಚೆಲ್ಲಿಕೊಂಡು ಓಡಿ ಬರುತ್ತಿದ್ದರು. ಊರೂರು ತಿರುಗಿ ಅದೊಂದನ್ನೇ ಹಾಡಿ ಪಾಪ ಅವನಿಗೆ ಜೀವ ಸಾಕಾಗಿತ್ತು. ಎಷ್ಟೋ ವರ್ಷಗಳ ಮೇಲೆ ಮೊನ್ನೆಯಷ್ಟೇ ಹುಟ್ಟಿದೂರಿಗೆ ಮರಳಿದ್ದ. ಒಂದೇ ಹಾಡಿನ ಗೂಟಕ್ಕೆ ಇನ್ನು ಕಟ್ಟುಬೀಳಬಾರದು, ಬಗೆಬಗೆಯ ಹೊಸ ಹಾಡು ಹಾಡಬೇಕು ಎಂಬುದೊಂದೇ ಆಸೆ.

ಬ್ರೆಡ್ ತರಲು ಹೋದರೆ ಬೇಕರಿಯ ಮೊರಾಗ್, "ಸಂಜೆ ಛತ್ರಿ ಹಾಡು ಇದ್ದೇ ಇರುತ್ತೆ ಬಿಡು" ಎಂದಳು. ಪಾದ್ರಿಗಳು ರಸ್ತೆ ದಾಟಿ ಬಂದರು. "ಛತ್ರಿ ಹಾಡಿನ ಎರಡನೇ ಚರಣಕ್ಕೆ ನನ್ನ ಹೆಂಡ್ತಿ ಅಳ್ತಾಳಪ್ಪ. ಬೆಳಗ್ಗೆಯಿಂದಾನೇ ತಯಾರಾಗ್ತಿದ್ದಾಳೆ." ಬಸ್ ಡ್ರೈವರ್ ಅದೇ ಧಾಟಿಯಲ್ಲಿ ಹಾರನ್ ಹೊಡೆದು ಕೈ ಬೀಸಿದ.

"ಹಾಡಲ್ಲ. ಸತ್ರೂ ಹಾಡಲ್ಲ" ಎಂದು ಮರ್ಡೊ ಬೀದಿಯಲ್ಲೇ ಕೂಗಿದ. ಬಸ್ಸಿನವರೆಲ್ಲ ಕಿಟಕಿಗೆ ಬಂದರು.

ಸಂಜೆ ಸೂಪು, ಕೇಕು, ವಿಸ್ಕಿ ಮುಗಿದು ಹಾಡಿನ ಸರದಿ ಬಂತು. ಬೇಡ ಎನ್ನಲು ಮರ್ಡೊ ಬಾಯಿ ತೆರೆಯುವಷ್ಟರಲ್ಲಿ ಮಾಂಸದಂಗಡಿಯ ವಾಟಿ ಎದ್ದು, ಕಣ್ಣು ಮುಚ್ಚಿ, ಛತ್ರಿ ಹಾಡನ್ನು ಎತ್ತಿಕೊಂಡ. ಶ್ರುತಿ ಒಂದು ಕಡೆ, ವಾಟಿ ಒಂದು ಕಡೆ. ಆದರೂ ಪಾದ್ರಿಗಳ ಹೆಂಡತಿ ಅತ್ತಳು.

ಬೆಳಗ್ಗೆಯಿಂದ ಬೇಡವಾಗಿದ್ದ ಹಾಡಿನ ಮೇಲೆ ಮರ್ಡೊಗೆ ಒಮ್ಮೆಲೇ ಮೋಹ ಉಕ್ಕಿತು. "ಅದು ನನ್ನ ಹಾಡು ಕಣಯ್ಯಾ" ಎಂದ.

"ಬರೆದೋನು ನೀನಿರಬಹುದು" ಎಂದಳು ಎಫಿ ಅಜ್ಜಿ. "ಈ ಊರಲ್ಲಿ ಅದು ವಾಟಿದು. ಒಬ್ಬರ ಹಾಡನ್ನ ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ನೀನು ಬೇರೆ ಹಾಡು."

ಬೇರೆ ಹಾಡು. ಈ ಮಾತನ್ನು ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಗಿಟಾರ್ ಎತ್ತಿ, ಅಪ್ಪನ ಮೀನುಗಾರಿಕೆಯ ಬೂಟಿನ ಮೇಲೆ ಹೊಸದಾಗಿ ಕಟ್ಟಿದ್ದನ್ನು ಹಾಡಿದ. ಯಾರೂ ಎದ್ದು ಹೋಗಲಿಲ್ಲ. ವಾಟಿ ಮೂಗು ಒರೆಸಿಕೊಂಡ. ಚಪ್ಪಾಳೆ ನಿಲ್ಲಲೇ ಇಲ್ಲ. ಮರ್ಡೊ ಸಂತೋಷದಿಂದ ಉಬ್ಬಿಹೋದ.

"ಇದಕ್ಕಿಂತ ಹೊಸದೊಂದಿದೆ, ಕೇಳಿ" ಎಂದು ತಂತಿ ಮೀಟಿದ.

ಅಜ್ಜಿ ಗಿಟಾರಿನ ಮೇಲೆ ಕೈಯಿಟ್ಟಳು. "ಕೂತ್ಕೊಳೋ. ಒಬ್ಬರಿಗೆ ಒಂದೇ ಹಾಡು. ನಿಂಗೆ ಬೂಟು ಅಂತ ಆಯ್ತಲ್ಲ, ಇನ್ಮೇಲೆ ಸಾಯೋ ತನಕ ಅದೇ."

"ಶನಿವಾರ ನಮ್ಮನೆಗೂ ಬಾಪ್ಪ" ಎಂದಳು ಪಾದ್ರಿಗಳ ಹೆಂಡತಿ. "ಬೂಟಿನ ಹಾಡಿಗೆ ಅಳೋಣ ಅಂತಿದ್ದೀನಿ."