ಸ್ಲ್ಯಾಬ್ ನಡುವೆ ನಿಲ್ಲಿಸಬಾರದು

ನಮ್ಮ ಸೋದರಮಾವನವರಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾನು ಅರ್ಧ ದಿನ ಬೆವರು ಸುರಿಸಿ ಮಾಡಿದ ಕೆಲಸವನ್ನು ಅವರು ಎರಡೇ ನಿಮಿಷದಲ್ಲಿ, ಒಂದೇ ಬೆರಳಿನಲ್ಲಿ, ಯಾರ ಸಹಾಯವೂ ಇಲ್ಲದೆ ಅಳಿಸಿಹಾಕಿದ್ದಾರೆ. ಇಂಜಿನಿಯರಿಗೂ ಆಗುತ್ತದೆಯೇ ಇದು?

ಮಾವ ಗೌಂಡಿ. ಆಳಂದದ ಕಡೆಯಿಂದ ಗಡಿ ದಾಟಿ ಸಂಭಾಜಿನಗರಕ್ಕೆ ಬಂದು ಮೂವತ್ತು ವರ್ಷ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟವರು. ಅಲ್ಲಿನ ಕೈಗಾರಿಕಾ ಪ್ರದೇಶ ವಾಳೂಜಿನಲ್ಲಿ ಅವರು ಗೋಡೆ ಎತ್ತದ ಕಾರ್ಖಾನೆಯೇ ಇಲ್ಲ ಎಂಬುದು ಅವರ ಅಂಬೋಣ. ಕಾರ್ಖಾನೆಗಳ ಅಂಬೋಣ ಏನೋ ಗೊತ್ತಿಲ್ಲ. ನಾನು ಅವರ ಅಕ್ಕನ ಮಗಳು. ಸಿಮೆಂಟ್ ಚೀಲದ ಮೇಲೆ ಕೂತು ಓದಿ ಎಂ.ಎ. ಮುಗಿಸಿದವಳು, ಎರಡೂ ಕಡೆಯ ಮನೆತನದಲ್ಲಿ ಮೊದಲ ಪದವೀಧರೆ. ಜಂಬವೇ? ಹೌದು, ಜಂಬವೇ! ನಾಶಿಕದ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಕರಾರು, ವರ್ಷಕ್ಕೊಮ್ಮೆ ಎದೆಬಡಿತ.

ಈ ಸಲ ಕಾಲೇಜು ಹೊಸ ಷರತ್ತು ಹಾಕಿತು. ಐದೂ ಘಟಕಗಳ ನೋಟ್ಸು, ನಕಾಶೆ, ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಆನ್‌ಲೈನ್ ತಾಣಕ್ಕೆ ಶನಿವಾರ ಸಂಜೆ ಐದರೊಳಗೆ ಅಪ್‌ಲೋಡ್ ಮಾಡಬೇಕು. ಇಲ್ಲವೇ ಮುಂದಿನ ವರ್ಷ ಕರಾರಿಲ್ಲ. ರಜೆಗೆಂದು ಸಂಭಾಜಿನಗರದ ಮಾವನ ಮನೆಗೆ ಬಂದಿದ್ದ ನಾನು ಆ ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ, ಮಾವ ಸ್ನಾನ ಮಾಡಿ ತೆಂಗಿನಕಾಯಿ ಹಿಡಿದು ಎದುರಿಗೆ ನಿಂತಿದ್ದಾರೆ!

“ಮಾಮಾ, ಕಾಯಿ ಒಡ್ಯಾಕ ಇದು ಮಾಳಿಗಿ ಸ್ಲ್ಯಾಬ್ ಅಲ್ಲರಿ.”

“ದೊಡ್ಡ ಕೆಲಸ ಹೌದಿಲ್ಲೋ? ಒಂದೇ ದಿನದಾಗ ಮುಗೀಬೇಕು ಹೌದಿಲ್ಲೋ? ಹಂಗಂದ್ರ ಸ್ಲ್ಯಾಬೇ!”

ಕಾಯಿ ಒಡೆಯಿತು. ಕುಂಕುಮ ಬಿದ್ದದ್ದೆಲ್ಲಿಗೆ? ಎಂಟರ್ ಕೀಲಿಯ ಮೇಲೆ. ಅಂದಿನಿಂದ ಅದನ್ನು ಒತ್ತಿದರೆ ಮತ್ತೆ ಮೇಲೇಳುವುದು ದೇವರ ಇಚ್ಛೆ.

ಮೊದಲ ಘಟಕಕ್ಕೇ ತಪ್ಪು ಫೈಲು ಹಾಕಿ, ಅಳಿಸಿದೆ. ಬೆನ್ನ ಹಿಂದಿನಿಂದ ಮಾವ, “ಆ ಚಿತ್ರ ಏನದು?” ಅಂದರು.

“ಕಸದ ಡಬ್ಬಿ. ಒತ್ತಿದ್ರ ಹೋಗ್ತದರಿ.”

ಕಲಿಸುವುದೇ ಕಸುಬಾದವಳು ನಾನು. ಆದರೆ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾರಿಗೂ ಏನನ್ನೂ ಕಲಿಸಿಲ್ಲ.

ಮಧ್ಯಾಹ್ನಕ್ಕೆ ಮೂರು ಘಟಕ ಮುಗಿದವು. ನಾಲ್ಕನೆಯದು ಅರ್ಧಕ್ಕೆ ನಿಂತಿತು, ನೆಟ್ ಹೋಗಿತ್ತು. ಬರಲಿ ಎಂದು ಊಟಕ್ಕೆ ಕೂತೆ. ಕೈ ತೊಳೆದು ಬರುವಷ್ಟರಲ್ಲಿ ನೆಟ್ ಬಂದಿತ್ತು, ಮೂರು ಘಟಕ ಹೋಗಿದ್ದವು.

“ಮಾಮಾ! ಏನ್ ಮಾಡಿದ್ರಿ?”

“ಕೆಡವಿದೆ,” ಅಂದರು ಶಾಂತವಾಗಿ. “ಸ್ಲ್ಯಾಬ್ ನಡುವ ನಿಂದ್ರಸಬಾರದವ್ವಾ. ಮೂರು ಗಟ್ಟಿಯಾಗ್ಯಾವ, ನಾಲ್ಕನೇದು ಹಸಿ. ಹಳೇದಕ್ಕ ಹೊಸದು ಹಿಡಿಯಂಗಿಲ್ಲ. ನಾಳಿ ಸೋರಿದ್ರ ಯಾರಿಗಿ ಬೈತಾರ? ನಿನಗೇ.”

ಮೂವತ್ತು ವರ್ಷದಲ್ಲಿ ಅವರ ಒಂದು ಸ್ಲ್ಯಾಬೂ ಸೋರಿಲ್ಲವಂತೆ. ಅವತ್ತು ಸೋರಿದ್ದು ನನ್ನ ಕಣ್ಣು. ಆಗಲೇ ಎರಡೂವರೆ ಗಂಟೆ! ಬೈಯಲೂ ಶಕ್ತಿ ಉಳಿದಿರಲಿಲ್ಲ. “ನನ್ನ ನೌಕರಿ ಹೋಯ್ತು ಮಾಮಾ,” ಅಂದೆ ಅಷ್ಟೇ.

ನೆಟ್ ಬರುವುದು ನನ್ನ ಫೋನಿನಿಂದ ಎಂಬುದು ಮಾವನಿಗೆ ಗೊತ್ತಿತ್ತು. ಅದನ್ನು ಎತ್ತಿಕೊಂಡು ಮಾಳಿಗೆ ಹತ್ತಿ, ನೀರಿನ ಟಾಕಿಯ ಪಕ್ಕದಲ್ಲಿ ಎರಡೂ ಕೈಯಿಂದ ತಲೆಯ ಮೇಲೆ ಹಿಡಿದು ನಿಂತರು. ಸಿಗ್ನಲ್ ಚೆನ್ನಾಗಿ ಸಿಗುವುದು ಅಲ್ಲೇ. ನಾನು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತೆ.

“ಕಟ್ಟಿ ಮ್ಯಾಲ ಇಡ್ರಿ, ಸಾಕು.”

“ಸುಮ್ಮನ ನಿನ್ನ ಕೆಲಸ ನೋಡು. ನಾ ಕೈ ಇಳಸಂಗಿಲ್ಲ.”

ಏನಾಯ್ತೆಂದು ಎದುರು ಮನೆಯವರು ಮರಾಠಿಯಲ್ಲಿ ಕೂಗಿದರು: “ಕಾಯ್ ಝಾಲಂ, ಮಿಸ್ತ್ರಿ?”

“ಸ್ಲ್ಯಾಬ್ ಚಾಲೂ ಆಹೇ!”

ಐದಕ್ಕೆ ಹತ್ತು ನಿಮಿಷ ಇರುವಾಗ ಐದನೆಯ ಘಟಕ ಮುಗಿಯಿತು. ಮಾವನ ಮೊಣಕೈ ಮಡಚಲಿಲ್ಲ. ನಾನೇ ಹಿಡಿದು ಇಳಿಸಿದೆ. “ಮೂರು ದಿನ ಹುಡುಗರಿಗಿ ಒಳಗ ಬಿಡಬ್ಯಾಡ. ಸೆಟ್ ಆಗ್ಲಿ,” ಎಂದು ಅಪ್ಪಣೆಯಾಯಿತು.

ಆಮೇಲೆ ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದರು: “ಯವ್ವಾ, ಇದರೊಳಗ ನಿನಗ ಬಿಡ್ತಾರಲ್ಲಾ?”

“ಯಾಕರಿ ಮಾಮಾ?”

“ಬಣ್ಣ ಹಚ್ಚಿದ ಮ್ಯಾಲ ನಾ ಕಟ್ಟಿದ್ದರಾಗ ನನಗ ಯಾರೂ ಬಿಟ್ಟಿಲ್ಲ. ಗೇಟಿನ್ಯಾಗೇ ನಿಂದ್ರಸ್ತಾರ.”

ಕರಾರು ಮುಗಿದರೆ ನನ್ನ ಪಾಸ್‌ವರ್ಡೂ ಮುಗಿಯುತ್ತದೆ ಎಂದು ನಾನು ಹೇಳಲಿಲ್ಲ. ತಾಣದಿಂದ ಹೊರಗೆ ಬಂದೆ. ಅವರ ಕಣ್ಣೆದುರಿಗೇ ನನ್ನ ಹೆಸರು ಬರೆದು, ಪಾಸ್‌ವರ್ಡ್ ಹಾಕಿ, ಮತ್ತೆ ಒಳಗೆ ಹೋದೆ. ಐದೂ ಘಟಕಗಳು ಸಾಲಾಗಿ ಕೂತಿದ್ದವು.

“ಇನ್ನೊಮ್ಮೆ ಹೋಗು,” ಅಂದರು ಮಾವ.