ಕಡಲು ನೋಡಿಬರಲು ಹೋದದ್ದು

ಅಪಾಯದ ಬಗ್ಗೆ ಉಪದೇಶ ಮಾಡುವವನಿಗೆ ಅದರ ಪರಿಚಯ ಇರಲೇಬೇಕೆಂಬ ನಿಯಮವಿಲ್ಲ. ಇದ್ದಿದ್ದರೆ ನಾನು ಬಾಯಿ ಬಿಡುವಂತೆಯೇ ಇರಲಿಲ್ಲ. ನಮ್ಮದು ತಮಿಳು ಸೀಮೆಯ ಕಂಬಂ ಕಣಿವೆ. ಎತ್ತ ತಿರುಗಿದರೂ ಬೆಟ್ಟ. ಕಡಲೆಂದರೆ ಉಪ್ಪು ಬರುವ ಜಾಗ, ಅಷ್ಟೇ ನಮ್ಮ ತಿಳಿವಳಿಕೆ. ೧೯೬೪ರ ಬಿರುಗಾಳಿಯಲ್ಲಿ ಧನುಷ್ಕೋಡಿಯನ್ನು ಕಡಲು ನುಂಗಿತೆಂಬ ಸುದ್ದಿ ಬಂದಾಗ ಅವ್ವನಿಗೆ ಊಟ ಸೇರದಾಯಿತು. ತಂಗಿ ಲಿಂಗಮ್ಮನನ್ನು ಕಡಲ ದಡದ ತೂತ್ತುಕುಡಿಗೆ ಮದುವೆ ಮಾಡಿ ಕೊಟ್ಟು ಆರು ತಿಂಗಳಾಗಿತ್ತು. "ಹೋಗಿ ನೋಡ್ರಾ. ಭಯ ಅಂತ ಕಂಡ್ರೆ ಅವಳ್ನ ಕೂಟ್ಕೊಂಡು ಬಂದ್ಬುಡು" ಎಂದು ನನ್ನನ್ನು ಬಸ್ಸು ಹತ್ತಿಸಿದಳು. ಕಣಿವೆ ಮುಗಿಯುವ ಬತ್ತಲಗುಂಡು ದಾಟಿದ್ದು ನಾನು ಅದೇ ಮೊದಲು.

ಲಿಂಗಮ್ಮನಿಗೆ ಬರುವ ಮನಸ್ಸಿರಲಿಲ್ಲ. "ನನ್ ಸಂಸಾರ ಇಲ್ಲೇ ಅಣ್ಣಾ" ಎಂದಳು. ಸರಿ, ಬದುಕಿಕೊಳ್ಳುವ ವಿದ್ಯೆಯನ್ನಾದರೂ ಕಲಿಸೋಣವೆಂದು ಪಕ್ಕದ ಮನೆಯ ಮುದುಕ ಮೀನುಗಾರನ ತಲೆ ಎರಡು ದಿನ ತಿಂದೆ. ಗಾಳಿಯಿಲ್ಲದೆ, ನೆಲ ನಡುಗಿ ಬರುವ ಅಲೆಯೂ ಉಂಟಂತೆ! ಈಗ ಅದಕ್ಕೆ ಸುನಾಮಿ ಎನ್ನುತ್ತಾರೆ. ಆಗ ನಮಗೆ ಆ ಹೆಸರು ಗೊತ್ತಿರಲಿಲ್ಲ. ನೆಲ ನಡುಗಿದರೆ, ಕಡಲು ತಟ್ಟನೆ ಹಿಂದೆ ಸರಿದರೆ, ನಿಂತು ನೋಡದೆ ಎತ್ತರಕ್ಕೆ ಓಡಬೇಕು, ಗಂಟುಮೂಟೆ ಕಟ್ಟಬಾರದು, ಒಂದು ಅಲೆ ಹೋಯಿತೆಂದು ಇಳಿಯಬಾರದು. ಇಷ್ಟನ್ನೂ ತಂಗಿಗೆ ಗಿಳಿಪಾಠ ಮಾಡಿಸಿದೆ. ಅವ್ವ ಕಳಿಸಿದ್ದ ಪೆರಿಯಕುಳಂ ಮಾವಿನ ಉಪ್ಪಿನಕಾಯಿ ಭರಣಿಯನ್ನು ಮಹಡಿಗೆ ಸಾಗಿಸುವುದು ಹೇಗೆಂದು ನಾನೇ ಅರ್ಧ ದಿನ ಯೋಚಿಸಿದ್ದು ಬೇರೆ ಮಾತು.

ಮೂರನೆಯ ಬೆಳಗ್ಗೆ ಇಬ್ಬರೂ ದಡಕ್ಕೆ ಹೋದೆವು. ನೋಡಿದರೆ ನಿನ್ನೆ ನೀರಿದ್ದ ಕಡೆ ಬರೀ ಕೆಸರು, ಅದರಲ್ಲಿ ಪುಟ್ಟ ಮೀನುಗಳು ಮಿಣಮಿಣ ಎನ್ನುತ್ತಿದ್ದವು. ನಮ್ಮೂರ ಪದ್ಧತಿ ಹೇಳಿಬಿಡುತ್ತೇನೆ: ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರ ಹಿರಿಯರು ದಡದಲ್ಲಿ ನಿಂತು ಟವೆಲ್ ಬೀಸುತ್ತಾರೆ, ಮರುಕ್ಷಣ ಊರಿಗೆ ಊರೇ ಬುಟ್ಟಿ ಹಿಡಿದು ಒಳಗಿಳಿಯುತ್ತದೆ. ನೀರು ಇಳಿದರೆ ಮೀನಿಗೆ ಓಡಬೇಕೆಂದು ಹುಟ್ಟಿದಂದಿನಿಂದ ಕಲಿತ ಕಾಲು ನನ್ನದು. ಎರಡು ದಿನದ ಪಾಠ ತಲೆಯಿಂದ ಕಾಲಿನವರೆಗೆ ಇಳಿದಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಓಡಿದೆ. ಟವೆಲ್ಲಿನ ತುಂಬ ಮೀನು ಕಟ್ಟಿಕೊಂಡು ಹೆಮ್ಮೆಯಿಂದ ತಿರುಗಿದರೆ, ತಂಗಿ ದೂರದ ಮರಳುದಿಬ್ಬದ ಮೇಲೆ ಬರಿಗೈಯಲ್ಲಿ ನಿಂತಿದ್ದಳು.

"ಹಿಡಿ ಅಣ್ಣಾ, ಹಿಡಿ. ಇದು ದಿನಾ ಆಗೋ ಇಳಿತ, ನಾ ನಿನ್ ಪಾಠ ಒಪ್ಪಿಸ್ದೆ ಅಷ್ಟೇ. ನೀ ಹೇಳಿದ್ ಅಲೆ ಆಗಿದ್ರೆ, ಇಷ್ಟೊತ್ಗೆ ಮೀನೇ ನಿನ್ನ ಹಿಡಿದಿರೋದು!"

ನಕ್ಕಳು. ನನಗೆ ನಗು ಬರಲಿಲ್ಲ. ನಿಜಕ್ಕೂ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಊರಿಗೆ ಬಂದು ಅವ್ವನ ಮುಂದೆ ಒಂದೂ ಮುಚ್ಚಿಡದೆ ಹೇಳಿದೆ. ಅವಳು ತಟ್ಟೆ ತಂದು ಅನ್ನ ಬಡಿಸಿಕೊಂಡಳು.

"ಅವ್ಳು ಅಲ್ಲೇ ಇರ್ಲಿ ಬುಡು, ಬದ್ಕೋತಾಳೆ. ನೀ ಮಾತ್ರ ಇನ್ಮ್ಯಾಲೆ ಬತ್ತಲಗುಂಡು ದಾಟ್ಬ್ಯಾಡ."