ಕಾಕಾ ಬರೆದ ನಾಲ್ಕನೆಯ ಕಲಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಕಾಕಾರನ್ನು ಗಾಂಜಾ ಇಟ್ಟುಕೊಂಡ ಆರೋಪದ ಮೇಲೆ ಫುಟ್‌ಬಾಲ್ ಮೈದಾನದಿಂದ ಹೊರಗೆ ಹಾಕಿಸಿದವನು ನಾನೇ. ಆದರೆ ಹಾಗೆ ಹೊರಗೆ ಹಾಕಲು ಬೇಕಾದ ನಿಯಮವನ್ನು ಕೂತು, ತಿದ್ದಿ, ಚೊಕ್ಕ ಪ್ರತಿ ಮಾಡಿ ಕೊಟ್ಟವರು ಸ್ವತಃ ಕಾಕಾ. ಆದ್ದರಿಂದ ಪಾಪದಲ್ಲಿ ಇಬ್ಬರದೂ ಸಮಪಾಲು ಎಂಬುದು ನನ್ನ ವಾದ. ಈ ವಾದವನ್ನು ಅವರು ಇಂದಿಗೂ ಒಪ್ಪಿಲ್ಲ.

ಗಾಂಜಾ ಎಂದ ಕೂಡಲೆ ನೀವು ಕೆಂಗಣ್ಣಿನ, ಜಡೆಗಟ್ಟಿದ ಮನುಷ್ಯನನ್ನು ಕಲ್ಪಿಸಿಕೊಂಡಿರಬೇಕು. ಛೆ, ಛೆ! ಚಹಾವನ್ನೂ ನಶೆಯ ಪಟ್ಟಿಯಲ್ಲಿ ಸೇರಿಸಿದ ಮನುಷ್ಯ ಇಡೀ ಪುಣೆಯಲ್ಲಿ ಇವರೊಬ್ಬರೇ. ನನ್ನ ಅಪ್ಪನ ತಮ್ಮ, ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್, ಕೋಥರೂಡದ ನಮ್ಮ ಫ್ಲ್ಯಾಟಿನಲ್ಲಿ ನಮ್ಮೊಂದಿಗೇ ವಾಸ. ಕುಡಿಯುವುದು ಕೊತ್ತಂಬರಿ ಬೀಜದ ಕಷಾಯ. ಒಮ್ಮೆ ಹಬ್ಬದ ಭಾನುವಾರ ಅಜ್ಜಿ ಮಾಡಿದ ಶ್ರೀಖಂಡವನ್ನು ಮೂರು ಬಟ್ಟಲು ತಿಂದು ಮಲಗಿದವರು ಎದ್ದಾಗ ಸಂಜೆ ಆರು ಗಂಟೆ. ಪಂದ್ಯ ಮುಗಿದಿತ್ತು, ನಮ್ಮ ತಂಡ ಮೂರು ಗೋಲು ತಿಂದಿತ್ತು. ಕಾಕಾ ತನಿಖೆ ನಡೆಸಿ ಅಪರಾಧಿಯನ್ನು ಹಿಡಿದರು: ಶ್ರೀಖಂಡಕ್ಕೆ ಹಾಕಿದ್ದ ಜಾಯಿಕಾಯಿ! ಅದು ನಿದ್ದೆ ಬರಿಸುತ್ತದೆ, ಆದ್ದರಿಂದ ಅದೂ ನಶೆ. ಮರುದಿನವೇ ಮನೆಯ ಜಾಯಿಕಾಯಿಯೆಲ್ಲ ಜಪ್ತಾಗಿ ಅವರ ಕಚೇರಿಯ ಮೇಜಿನ ಡ್ರಾಯರು ಸೇರಿತು.

ಅಜ್ಜಿ ಬಿಡುತ್ತಾಳೆಯೆ? "ಆ ಮೂರ್ ಗೋಲು ನನ್ನ ಜಾಯಿಕಾಯಿ ಹೊಡೀತೇನೋ? ನೀ ಎಚ್ಚರ ಇದ್ದಿದ್ರ ಓಡಿ ಹೋಗಿ ಅಡ್ಡ ನಿಲ್ಲತಿದ್ದೇನು?"

ಉತ್ತರವಾಗಿ ಕಾಕಾ ಜೇಬಿನಿಂದ ಹಳದಿ ಕಾರ್ಡು ತೆಗೆದು ತಾಯಿಗೆ ತೋರಿಸಿದರು. ಅವರ ಜೇಬಿನಲ್ಲಿ ಸದಾ ಎರಡು ಕಾರ್ಡುಗಳಿರುತ್ತವೆ. ಹಳದಿಯದು ಯಾರದೋ ಲಗ್ನಪತ್ರಿಕೆ ಕತ್ತರಿಸಿ ಮಾಡಿದ್ದು, ಕೆಂಪಿನದು ಕಚೇರಿಯ ಫೈಲಿನ ರಟ್ಟು. ಇವುಗಳ ಪ್ರತಾಪ ಸಣ್ಣದಲ್ಲ! ಹಿಂದೆ ವಿಜಾಪುರದ ಕಡೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಒಂದು ಚಿಟಿಕೆ ನಶ್ಯ ಏರಿಸಿದರಂತೆ. ಕಾಕಾ ಹಳದಿ ತೋರಿಸಿದರು. ಪಾಪ, ಆ ಹಿರಿಯರು ಇದೇನೋ ಪುಣೆಯ ಕಡೆಯ ಪದ್ಧತಿ ಎಂದುಕೊಂಡು ನಕ್ಕು ಎರಡನೆಯ ಚಿಟಿಕೆ ಏರಿಸಿದರು. ಕೆಂಪು ಬಂತು. ಉಪ್ಪಿಟ್ಟಿನ ತಟ್ಟೆಯನ್ನು ಹಾಗೇ ಬಿಟ್ಟು ಕಾಕಾ ಎದ್ದು ನಡೆದರು. ನಮ್ಮ ಕಾಕಾ ಬ್ರಹ್ಮಚಾರಿಯಾಗಿ ಉಳಿದದ್ದು ವೈರಾಗ್ಯದಿಂದಲ್ಲ, ನಶ್ಯದಿಂದ.

ಇಂಥವರ ಭಾನುವಾರಗಳೆಲ್ಲ ಪುಣೆಯ ಕೊಂಢವಾ ಬಡಾವಣೆಯ ಅಂಚಿನ ಒಂದು ಮೈದಾನಕ್ಕೆ ಮೀಸಲು. ತೊಂಬತ್ತರ ದಶಕದ ಕೊನೆಯ ಮಾತು. ಒಂದು ಬದಿಗೆ ಶಾಮಿಯಾನ, ಕುರ್ಚಿ, ಕಮಿಟಿಯ ಸಾಹೇಬರು. ಎದುರು ಬದಿಗೆ ಬಿಸಿಲು, ಸಿಮೆಂಟಿನ ಮೆಟ್ಟಿಲು, ನಾವು. ಮೂರನೆಯ ಮೆಟ್ಟಿಲು ಕಾಕಾರದು. ಹಸಿರು ಸ್ವೆಟರು ತೊಟ್ಟು, ಮೇ ತಿಂಗಳಲ್ಲೂ ಅದನ್ನೇ ತೊಟ್ಟು, ಹದಿನೆಂಟು ವರ್ಷ ಒಂದೇ ಜಾಗದಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ಒಬ್ಬ ಮೇಸ್ತ್ರಿ. ಯಾದಗಿರಿ ಕಡೆಯವನು, ಕೊಂಢವಾದಲ್ಲಿ ಏಳುತ್ತಿದ್ದ ಹೊಸ ಕಟ್ಟಡಗಳಲ್ಲಿ ಗಾರೆ ಕೆಲಸ. ಅವನು ತೊಡೆಯ ಮೇಲೆ ಚರ್ಮದ ಹಲಗೆ ಇಟ್ಟುಕೊಂಡು ಬಾರಿಸಲು ಸುರುಮಾಡಿದನೆಂದರೆ ನಮ್ಮ ತಂಡದ ಕುಂಟು ಬ್ಯಾಕ್ ಆಟಗಾರನಿಗೂ ಕಾಲು ಬರುತ್ತಿತ್ತು. ಕಾಕಾ ಕಾನೂನು ಹೇಳುವುದು, ಮೇಸ್ತ್ರಿ ಹಲಗೆ ಬಾರಿಸುವುದು. ಇಬ್ಬರೂ ಅವರವರ ರೀತಿಯಲ್ಲಿ ರೆಫರಿಯ ತಲೆ ಕೆಡಿಸುತ್ತಿದ್ದರು.

ನಾನು? ನಾನು ಕಮಿಟಿಯ ಮೈಕಿನವನು. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಸಿಟಿ ಬಸ್ಸಿನ ಕಂಡಕ್ಟರನವರೆಗೆ ಎಲ್ಲರ ದನಿ ತೆಗೆದು ಒದೆ ತಿಂದವನು. ಇಲ್ಲಿ ಮಾತ್ರ ಆ ಬಾಯಿಗೊಂದು ಮರ್ಯಾದೆ ಸಿಕ್ಕಿತ್ತು. ಗೋಲು ಹೊಡೆದವನ ಹೆಸರನ್ನು ಮರಾಠಿಯಲ್ಲಿ ಸಾರುವುದು ನನ್ನ ಕೆಲಸ.

ಒಂದು ಭಾನುವಾರ ಯಾರೋ ಎಸೆದ ಬಾಟಲಿ ಲೈನ್ಸ್‌ಮನ್‌ನ ಕಾಲ ಬಳಿ ಬಿದ್ದು ಒಡೆಯಿತು. ಅವನ ಮೀನಖಂಡ ಕೊಯ್ದು ರಕ್ತ ಬಂತು. ಕಾಕಾ ಕೆಂಡವಾದರು. "ನಶಾಖೋರ ಮಂದಿ! ಇಂಥವರನ್ನ ಮೈದಾನದ ಹೊಸ್ತಿಲ ಮೆಟ್ಟಿಸಬಾರದು!" ಸಿಟ್ಟು ನ್ಯಾಯದ್ದೇ. ಆಟ ನೋಡಲು ಬಂದವನು ಇನ್ನೊಬ್ಬನ ರಕ್ತ ಹರಿಸಿದರೆ ಹೊರಗೆ ಹಾಕಬೇಡವೆ? ಹಾಕಲೇಬೇಕು. ಆದರೆ ಸ್ವಾಮಿ, ಆ ಬಾಟಲಿಯ ಚೂರಿನ ಮೇಲಿದ್ದ ಚೀಟಿಯನ್ನು ನಾನು ಓದಿದ್ದೆ. ಅದು ಪರದೇಶದ ವಿಸ್ಕಿ! ನಮ್ಮ ಮೆಟ್ಟಿಲಿನವರು ಅಂಥದನ್ನು ಅಂಗಡಿಯ ಗಾಜಿನ ಹೊರಗಿನಿಂದ ನೋಡಿದವರೂ ಅಲ್ಲ. ಅದು ಯಾವ ಬದಿಯಿಂದ ಹಾರಿಬಂತು ಎಂದು ಯಾರಾದರೂ ಕೇಳಿದರೆ? ಊಹೂಂ. ಕಮಿಟಿ ತಕ್ಷಣ ಮೆಟ್ಟಿಲಿನ ಗೇಟಿಗೆ ಝಡತಿ, ಅಂದರೆ ಮೈ ತಡಕುವ ತಪಾಸಣೆ, ಇಟ್ಟಿತು. ಶಾಮಿಯಾನದ ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸುವುದು ಎಂದಿನಂತೆ ಮುಂದುವರಿಯಿತು.

ಮತ್ತು ನಿಯಮ ಬರೆದುಕೊಡಲು ನಮ್ಮ ಕಾಕಾ ತುದಿಗಾಲಲ್ಲಿ ನಿಂತಿದ್ದರು. ಒಟ್ಟು ನಾಲ್ಕು ಕಲಮು. ಒಂದು: ನಶೆಯ ಎಲೆ, ಪುಡಿ, ದ್ರವ ಯಾವುದೂ ಒಳಗೆ ಬರಕೂಡದು. ಎರಡು: ಸಿಕ್ಕವನು ಕೂಡಲೆ ಹೊರಗೆ. ಮೂರು: ಎರಡು ಹಂಗಾಮು ಪ್ರವೇಶವಿಲ್ಲ. ನಾಲ್ಕನೆಯದನ್ನು ಬರೆದ ಮೇಲೆ ಅವರು ಅದನ್ನು ಗಟ್ಟಿಯಾಗಿ ಓದಿ, ಕಷಾಯ ಗುಟುಕರಿಸಿ, ಕಣ್ಣು ಮುಚ್ಚಿ ಆನಂದಿಸಿದರು: "ಸಿಕ್ಕವನ ಸಮಜಾಯಿಷಿಯನ್ನು ಯಾವ ಕಾರಣಕ್ಕೂ ಕೇಳತಕ್ಕದ್ದಲ್ಲ."

ಬಲೆಗೆ ಬಿದ್ದ ಮೊದಲ ಮೀನು ಯಾವುದು? ನಮ್ಮ ಮೇಸ್ತ್ರಿ! ಅವನ ಸೊಂಟದ ಚಂಚಿಯಲ್ಲಿ, ಎಲೆ ಅಡಿಕೆಯ ನಡುವೆ, ಕಾಗದದಲ್ಲಿ ಸುತ್ತಿದ ಒಂದು ಚಿಟಿಕೆ ಗಾಂಜಾ ಸಿಕ್ಕಿತು. ಅವನು ಸುಳ್ಳು ಹೇಳಲಿಲ್ಲ.

"ಹೌದ್ರಿ ಸಾಹೇಬ್ರ, ಸೇದತೀನ್ರಿ. ಆರು ದಿನ ಸಿಮಿಟ್ ಕಲಸಿದ ಮೈ, ನೋವಿಗೆ ನಿದ್ದಿ ಹತ್ತೂದಿಲ್ರಿ. ಆದ್ರ ಮ್ಯಾಚ್ ಇದ್ದ ದಿನ ಮುಟ್ಟೂದಿಲ್ರಿ. ಹಲಗಿ ಬಾರಿಸಿ, ಒದರಿ ಒದರಿ ದಣದ ಮ್ಯಾಲ ತಾನ ನಿದ್ದಿ ಬರತದ್ರಿ. ಇದು ನಿನ್ನಿದು, ಚಂಚ್ಯಾಗ ಉಳದದ."

ಕಾಕಾ ಅತ್ತ ತಿರುಗಿ ನಿಂತು ಒಂದೇ ಮಾತು ಹೇಳಿದರು: "ನಾಲ್ಕನೇ ಕಲಮು, ಮೇಸ್ತ್ರಿ."

ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡು ಅವನು ಹೋದ. ಮುಂದಿನ ಎರಡು ಪಂದ್ಯ ನಮ್ಮ ಮೆಟ್ಟಿಲು ಸಂತಾಪ ಸಭೆಯ ಹಾಗೆ ಕೂತಿತು. ವಾರಕ್ಕೊಂದು ದಿನ ಗಾಂಜಾ ಬಿಡಿಸುತ್ತಿದ್ದ ಜಾಗ ಜಗತ್ತಿನಲ್ಲಿ ಇದ್ದುದು ಒಂದೇ. ಗಾಂಜಾ ಬಿಡಿಸುವ ಸಲುವಾಗಿ ಅವನನ್ನು ಅಲ್ಲಿಂದಲೇ ಓಡಿಸಿದರಲ್ಲ, ಈ ಜಾಣತನಕ್ಕೆ ಯಾವ ಬಣ್ಣದ ಕಾರ್ಡು ತೋರಿಸಬೇಕು, ನೀವೇ ಹೇಳಿ!

ನನಗೆ ಒಳಗೊಳಗೇ ಉರಿಯುತ್ತಿತ್ತು. ಉರಿಯುವವನ ಕೈಯಲ್ಲಿ ಮೈಕು ಕೊಡಬಾರದು. ಮೂರನೆಯ ಭಾನುವಾರ ಕಾಕಾ ಮೈದಾನಕ್ಕೆ ಬರುವ ಮುಂಚೆ ಕೊಂಢವಾದ ಸಂತೆಯಲ್ಲಿ ಅಜ್ಜಿ ಹೇಳಿದ್ದ ಪುಂಡಿ ಸೊಪ್ಪು ಕೊಂಡರು. ನಮ್ಮ ವಿಜಾಪುರದ ಕಡೆಯ ಹೆಂಗಸರು ರಸ್ತೆ ಬದಿಗೆ ಕೂತು ಮಾರುತ್ತಾರೆ. ರೊಟ್ಟಿಯ ಜೊತೆ ಪುಂಡಿ ಪಲ್ಯ ಇಲ್ಲದಿದ್ದರೆ ಅಜ್ಜಿಗೆ ಭಾನುವಾರವೇ ಅಲ್ಲ. ಪುಂಡಿ ಎಲೆ ನೋಡಿದ್ದೀರಲ್ಲ? ಐದು ಬೆರಳು ಚಾಚಿದಂತೆ ಸೀಳು, ಅಂಚಿಗೆ ಸಣ್ಣ ಹಲ್ಲು. ಇನ್ನು ಗಾಂಜಾ ಎಲೆ? ಅದರ ಖಾಸಾ ಅವಳಿ! ಗೇಟಿನವರು ಹಸಿರು ಸ್ವೆಟರು ಕಂಡದ್ದೇ ಸಲಾಮು ಹೊಡೆದು ಒಳಗೆ ಬಿಟ್ಟರು. ನಿಯಮ ಬರೆದವರನ್ನು ಯಾರು ಝಡತಿ ಮಾಡುತ್ತಾರೆ? ಚೀಲದ ಬಾಯಿಂದ ಸೊಪ್ಪು ಇಣುಕುತ್ತಿತ್ತು.

ಮೈಕು ನನ್ನ ಮುಂದಿತ್ತು. ಕಮಿಟಿಯ ಕಾರ್ಯದರ್ಶಿ ಸಾಹೇಬರು ಥರ್ಮಾಸು ಹಿಡಿದು ಶಾಮಿಯಾನದ ಹಿಂದೆ ಹೋಗಿದ್ದರು. ನಾನು ಅವರ ಹಾಗೆ ಎರಡು ಸಲ ಕೆಮ್ಮಿ, ಅವರದೇ ದನಿಯಲ್ಲಿ ಮರಾಠಿಯಲ್ಲಿ ಸಾರಿದೆ: "ಕೃಪಯಾ ಲಕ್ಷ ದ್ಯಾ, ದಯವಿಟ್ಟು ಗಮನಿಸಿ! ಮೂರನೆಯ ಮೆಟ್ಟಿಲಿನ ಹಸಿರು ಸ್ವೆಟರಿನವರ ಚೀಲದಲ್ಲಿ ಸಂಶಯಾಸ್ಪದ ಎಲೆ ಕಂಡಿದೆ. ಸ್ವಯಂಸೇವಕರು ಕೂಡಲೆ ತಪಾಸಣೆ ಮಾಡಬೇಕು!"

ಎಲ್ಲರೂ ನಗುತ್ತಾರೆ, ಕಾಕಾ ನನಗೆ ಹಳದಿ ತೋರಿಸುತ್ತಾರೆ, ಮುಗಿಯಿತು ಎಂದುಕೊಂಡಿದ್ದೆ. ಆದರೆ ಸ್ವಯಂಸೇವಕರು ಕಾಲೇಜು ಹುಡುಗರು. ಅವರು ಗಾಂಜಾ ಎಲೆ ನೋಡಿದ್ದು ಟೀ ಶರ್ಟಿನ ಮೇಲೆ, ಪುಂಡಿ ನೋಡಿದ್ದು ತಟ್ಟೆಯಲ್ಲಿ, ಅದೂ ಬೆಂದ ಮೇಲೆ. ಚೀಲ ತೆಗೆದು ನೋಡಿ ದಂಗಾದರು.

"ಲೇ, ಇದು ಭಾಜಿ! ಪುಂಡಿ! ನಿಮ್ಮ ಮರಾಠಿ ಅಂಬಾಡಿ!" ಎಂದು ಕಾಕಾ ಎರಡೂ ಭಾಷೆಯಲ್ಲಿ ಒದರಿದರು.

"ಸಿಕ್ಕವರೆಲ್ಲ ಭಾಜಿ ಅಂತಲೇ ಹೇಳುತ್ತಾರೆ, ಕಾಕಾ," ಎಂದ ಒಬ್ಬ ಹುಡುಗ, ಭಾಳ ವಿನಯದಿಂದ. "ನೀವೇ ಬರೆದ ನಾಲ್ಕನೆಯ ಕಲಮು ಇದೆಯಲ್ಲ."

ನಾನು ಮೈಕು ಬಿಟ್ಟು ಓಡುವಷ್ಟರಲ್ಲಿ ಹಸಿರು ಸ್ವೆಟರು ಗೇಟಿನ ಹೊರಗಿತ್ತು.

ಮನೆಗೆ ಬಂದ ಕಾಕಾ ಚೀಲವನ್ನು ಅಡುಗೆಮನೆಯಲ್ಲಿ ಎಸೆದು, "ಇದು ಸಾಕ್ಷಿ, ಮುಟ್ಟಬ್ಯಾಡ!" ಎಂದು ಗುಡುಗಿ ಅರ್ಜಿ ಬರೆಯಲು ಕೂತರು. ಅರ್ಜಿಗೆ ಅಡಿಗೆರೆ ಹಾಕುವ ಹೊತ್ತಿಗೆ ಅಜ್ಜಿ ಸಾಕ್ಷಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮುಗಿಸಿದ್ದಳು! "ತಿನ್ನು, ನಶಾ ಏರತದೇನು ನೋಡೂಣು," ಎಂದು ತಟ್ಟೆ ಮುಂದಿಟ್ಟಳು.

ಕಾಕಾ ತಿನ್ನಲಿಲ್ಲ. ತಟ್ಟೆಯನ್ನು ದೂರ ಸರಿಸಿದರು. "ಹದಿನೆಂಟು ವರ್ಷ ಅವ್ವಾ! ಭಾಜಿ ಅಂತ ಹೇಳಿದೆ, ಒಬ್ಬರೂ ಕೇಳಲಿಲ್ಲ."

"ಆ ಮೇಸ್ತ್ರಿ ಹೇಳಿದ್ದನ್ನ ನೀ ಕೇಳಿದ್ದೇನು?" ಎಂದಳು ಅಜ್ಜಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಆಗಲೇ ನಾನು ತಪ್ಪು ಒಪ್ಪಿಕೊಂಡೆ. ಕಾಕಾ ಎರಡೂ ಕಾರ್ಡು ಒಟ್ಟಿಗೆ ತೋರಿಸಿ ನನ್ನೊಡನೆ ಮಾತು ಬಿಟ್ಟರು. ಮೂರು ದಿನ ಚೀಟಿಯಲ್ಲೇ ವ್ಯವಹಾರ. ಮೊದಲ ಚೀಟಿಯ ಒಕ್ಕಣೆ: "ವಿಷಯ: ನಿನ್ನ ಮುಸುಡಿ. ಅದು ಕಾಣದಂತೆ ತಕ್ಷಣ ಕ್ರಮ ಕೈಗೊಳ್ಳುವುದು."

ಮುಂದಿನ ಭಾನುವಾರ ಹಂಗಾಮಿನ ಕೊನೆಯ ಪಂದ್ಯ. ಅದನ್ನು ಕಾಕಾರಿಗೆ ತಪ್ಪಿಸಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಕಾರ್ಯದರ್ಶಿ ಸಾಹೇಬರ ಕಚೇರಿಗೆ ಹೋಗಿ, "ಸರ್, ಅದನ್ನು ಸಾರಿದ್ದು ನೀವಲ್ಲ, ನಾನು," ಎಂದೆ.

"ಅಸಂಬದ್ಧ!" ಎಂದರು ಸಾಹೇಬರು. "ನಾನೇ ಸಾರಿದ್ದು. ಮೈಕು ಹಿಡಿದದ್ದು, ಎಲೆ ಕಂಡದ್ದು ಎಲ್ಲ ನನಗೆ ಸ್ಪಷ್ಟ ನೆನಪಿದೆ."

ನೋಡಿದಿರಾ! ತಾನು ಆಡದ ಮಾತು ನೆನಪಿರಬೇಕಾದರೆ ಆ ಮಧ್ಯಾಹ್ನ ಮನುಷ್ಯನ ಹೊಟ್ಟೆಯಲ್ಲಿ ಎಷ್ಟು ಇಳಿದಿರಬೇಕು? ನಾನು ಎರಡು ಸಲ ಕೆಮ್ಮಿ, ಅವರ ದನಿಯಲ್ಲಿ "ಯಾರಲ್ಲಿ, ನೀರು ತಾ!" ಎಂದೆ. ಒಳಗಿನಿಂದ ಅವರ ಜವಾನ "ಬಂದೆ ಸಾಹೇಬ!" ಎನ್ನುತ್ತ ಲೋಟ ಹಿಡಿದು ಓಡಿಬಂದ. ಸಾಹೇಬರ ಮುಖ ಬಿಳಿಚಿತು.

"ಆ ದಿನ ಥರ್ಮಾಸಿನಲ್ಲಿ ಏನಿತ್ತು, ಸರ್?" ಎಂದು ಕೇಳಿದೆ, ಭಾಳ ಮರ್ಯಾದೆಯಿಂದ.

"ಚಹಾ."

"ಹಾಗೆಯೇ ಸರ್, ಕಾಕಾರ ಚೀಲದಲ್ಲಿ ಭಾಜಿ."

ಭಾನುವಾರ ಗೇಟಿನಲ್ಲಿ ಸಾಹೇಬರೇ ನಿಂತು ಕಾಕಾರಿಗೆ ಕೈ ಮುಗಿದರು. "ಬನ್ನಿ, ಬನ್ನಿ, ಗೈರಸಮಜು, ತಪ್ಪು ತಿಳುವಳಿಕೆ ಆಯಿತು. ಇವತ್ತು ಶಾಮಿಯಾನದಲ್ಲೇ ಕೂಡಿ."

ಕಾಕಾ ಒಳಗೆ ಹೆಜ್ಜೆ ಇಡಲಿಲ್ಲ. "ನಮ್ಮ ಮೇಸ್ತ್ರಿ?" ಎಂದು ಮರಾಠಿಯಲ್ಲೇ ಕೇಳಿದರು.

"ಅವನದು ನಿಜವಾದ ಗಾಂಜಾ, ನಿಮ್ಮದು ಭಾಜಿ. ಅಲ್ಲದೆ ನೀವು ಸುಶಿಕ್ಷಿತರು, ಅವನ ಸಮಕ್ಕೆ ನಿಮ್ಮನ್ನು ಹಿಡಿಯಲಾದೀತೆ?"

ಕಾಕಾರ ಮೂಗು ನಿಧಾನವಾಗಿ ಸಾಹೇಬರ ಕೈಯಲ್ಲಿದ್ದ ಥರ್ಮಾಸಿನ ಕಡೆ ತಿರುಗಿತು. ಒಂದು ಸಲ ಮೂಸಿತು. ಮರುಕ್ಷಣ ಕೆಂಪು ಕಾರ್ಡು ಮೇಲೆದ್ದಿತು! ಅದನ್ನು ಸಾಹೇಬರ ಅಂಗಿಯ ಜೇಬಿಗೆ ತುರುಕಿ ಕಾಕಾ ಹಿಂದೆ ತಿರುಗಿ ನಡೆದರು. ಅಷ್ಟರಲ್ಲಿ ಎಲ್ಲಿಂದಲೋ ಹಲಗೆ ಕೇಳಿಸಿತು.

ಮೈದಾನದ ಪಕ್ಕದಲ್ಲಿ ಒಂದು ಕಟ್ಟಡ ಅರ್ಧ ಎದ್ದಿತ್ತು. ಅದರ ಮೂರನೆಯ ಅಂತಸ್ತಿನಲ್ಲಿ, ಬರೀ ಕಂಬಗಳ ನಡುವೆ, ಮೇಸ್ತ್ರಿ ಮತ್ತು ನಾಲ್ಕೈದು ಜನ ಅವನ ಜೊತೆಗಾರರು ಕೂತಿದ್ದರು. ನಾನು ಹಿಂದೆ, ಅಂದು ಬೆಳಿಗ್ಗೆ ಅಜ್ಜಿ ಕಟ್ಟಿಕೊಟ್ಟ ರೊಟ್ಟಿ ಪುಂಡಿ ಪಲ್ಯದ ಡಬ್ಬಿಯಿದ್ದ ಚೀಲ ಹಿಡಿದ ಕಾಕಾ ಮುಂದೆ. ಹಿಡಿದುಕೊಳ್ಳಲು ಕಂಬಿಯಿಲ್ಲದ ಮೆಟ್ಟಿಲನ್ನು ಏದುತ್ತ ಹತ್ತಿದೆವು. ಮೇಲಿನ ಮೆಟ್ಟಿಲಲ್ಲಿ ಕಾಕಾ ನಿಂತುಬಿಟ್ಟರು. ನಾಲ್ಕು ಕಲಮು ಬರೆದ ಕೈಗೆ ಚೀಲವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಮೇಸ್ತ್ರಿ," ಎಂದರು. ಆಮೇಲೆ, ಆ ಮನುಷ್ಯನಿಗೆ ಎಂದೂ ಹಚ್ಚದ 'ರೀ' ಹಚ್ಚಿ, "ನಾ ನಿಮ್ಮ ಮಾತ ಕೇಳಬೇಕಿತ್ರಿ. ಇಲ್ಲಿ ನಮಗ ಜಾಗಾ ಅದೇನ್ರಿ?" ಎಂದರು.

ಮೇಸ್ತ್ರಿ ಹಲಗೆ ಕೆಳಗಿಟ್ಟು ಎದ್ದು ಬಂದು, ಎರಡೂ ಕೈ ಅಡ್ಡ ಹಿಡಿದು ನಿಂತ. ಚೀಲ ಇಸಿದುಕೊಂಡು, ಡಬ್ಬಿ ತೆರೆದು, ಗೇಟಿನ ಸ್ವಯಂಸೇವಕನಂತೆ ಗಂಭೀರವಾಗಿ ಪುಂಡಿ ಪಲ್ಯವನ್ನು ಮೂಸಿದ. ನಂತರ ಕಾಕಾರ ತೋಳು ಹಿಡಿದು ಹೇಳಿದ:

"ಇಲ್ಲಿ ನಮ್ಮದೂ ಒಂದ ಕಲಮು ಅದ್ರಿ ಸಾಹೇಬ್ರ. ಗ್ವಾಡಿ ಇನ್ನೂ ಕಟ್ಟಿಲ್ಲ. ಅದಕ್ಕ ನಶಾ ಮಾಡಿ ಬಂದವರನ್ನ ಹೊರಗ ಹಾಕೂದಿಲ್ರಿ, ಬೀಳಬಾರದಂತ ನಟ್ಟನಡುವ ಕುಂದ್ರಸ್ತೀವಿ. ಬರ್ರಿ, ನೀವೂ ನಡುವ ಕುಂದುರ್ರಿ."